ಟ್ರೂಬಿನವರು ಎಂದರೆ ಯಾರು?

ಸ್ವಿಟ್ಜರ್ಲೆಂಡಿನ ನಾಪ್ಫ್ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,408 ಮೀಟರ್ ಎತ್ತರದಲ್ಲಿದೆ. ಆಲ್ಪ್ಸ್ ಪರ್ವತಗಳ ಲೆಕ್ಕದಲ್ಲಿ ಇದೊಂದು ಎತ್ತರವೇ ಅಲ್ಲ. ಅಲ್ಲಿ ನಿಂತವರ ಕಣ್ಣು ದಕ್ಷಿಣದ ಹಿಮಶಿಖರಗಳ ಸಾಲಿಗೆ ಹೋಗುವುದು ಸಹಜ. ಆದರೆ ನೋಡಬೇಕಾದ್ದು ಕಾಲ ಕೆಳಗೇ ಇದೆ. ನೆತ್ತಿಯಿಂದ ಏಣುಗಳು ಎಲ್ಲ ದಿಕ್ಕಿಗೂ ಇಳಿದಿವೆ, ಎರಡು ಏಣುಗಳ ನಡುವೆ ಒಂದೊಂದು ಕಡಿದಾದ ಕಮರಿ. ಕೈ ಊರಿ ಬೆರಳು ಬಿಡಿಸಿದರೆ ಹೇಗೋ ಹಾಗೆ. ಕಮರಿಗೆ ಅಲ್ಲಿನವರು ಗ್ರಾಬನ್ ಎನ್ನುತ್ತಾರೆ. ಫಾಂಕ್‌ಹೌಸ್‌ಗ್ರಾಬನ್, ಬ್ರಾಂಡ್ಯೋಶ್‌ಗ್ರಾಬನ್ ಎಂದು ಒಂದೊಂದಕ್ಕೂ ಹೆಸರಿದೆ. ನೆತ್ತಿಯ ಬರ್ನ್ ಮಗ್ಗುಲಿನ ಇಂಥ ಕಮರಿಗಳನ್ನೂ ಅವುಗಳ ಮೇಲಿನ ಇಳಿಜಾರುಗಳನ್ನೂ ಸೇರಿಸಿ ಮಾಡಿದ ಪಂಚಾಯಿತಿಯೇ ಟ್ರೂಬ್. ಬರ್ನ್ ಕ್ಯಾಂಟನ್ನಿನ ಎಮೆಂಟಾಲ್ ಸೀಮೆಗೆ ಸೇರಿದ ಊರು.

ಈ ನೆಲದ ಆಕಾರಕ್ಕೆ ಒಂದು ಕಾರಣವಿದೆ. ಆಲ್ಪ್ಸ್ ಮೇಲೇಳುತ್ತಿದ್ದ ಕಾಲದಲ್ಲಿ ಹಳೆಯ ನದಿಗಳು ಹೊತ್ತು ತಂದ ಗುಂಡುಕಲ್ಲುಗಳು ಇಲ್ಲಿ ರಾಶಿಬಿದ್ದು, ಗಾರೆ ಹಾಕಿದಂತೆ ಒಂದಕ್ಕೊಂದು ಕಚ್ಚಿಕೊಂಡು ಬಂಡೆಯಾದವು. ಕೊನೆಯ ಹಿಮಯುಗದಲ್ಲಿ ಸುತ್ತಲಿನ ಸೀಮೆಯನ್ನೆಲ್ಲ ಹಿಮನದಿಗಳು ಉಜ್ಜಿ ಅಗಲ ಮಾಡಿದರೂ ನಾಪ್ಫ್ ಅವುಗಳ ನಡುವೆ ನಡುಗಡ್ಡೆಯಂತೆ ಉಳಿಯಿತು. ಇಲ್ಲಿನ ಕಣಿವೆಗಳನ್ನು ಕೊರೆದದ್ದು ಬರೀ ಮಳೆನೀರು ಮತ್ತು ತೊರೆಗಳು. ಹಾಗಾಗಿ ಸಮತಟ್ಟಾದ ಜಾಗ ಕಡಿಮೆ. ಮನೆಗಳು ಊರಾಗಿ ಒಂದೆಡೆ ಕೂಡಿಕೊಳ್ಳಲಿಲ್ಲ, ಇಳಿಜಾರಿನ ಮೇಲೆ ಒಂದೊಂದಾಗಿ ಚೆದುರಿಕೊಂಡವು. ಎದುರು ಏಣಿನ ಮನೆಯ ಹೊಗೆ ಕಣ್ಣಿಗೆ ಕಾಣುತ್ತದೆ, ಅಲ್ಲಿಗೆ ಹೋಗಬೇಕೆಂದರೆ ಕಮರಿಗಿಳಿದು ಮತ್ತೆ ಹತ್ತಬೇಕು. ಮಲೆನಾಡಿನ ಒಂಟಿಮನೆಗಳನ್ನು ನೋಡಿದವರಿಗೆ ಈ ಬದುಕಿನ ಅಂದಾಜು ಸಿಕ್ಕೀತು.

ಟ್ರೂಬಿನ ವಿಸ್ತೀರ್ಣ ಸುಮಾರು 62 ಚದರ ಕಿಲೋಮೀಟರ್. ವಾಸವಾಗಿರುವವರು ಸುಮಾರು 1,300 ಮಂದಿ. 19ನೇ ಶತಮಾನದ ನಡುವೆ ಇಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿದ್ದರು. ಆಮೇಲಿನ ನೂರೈವತ್ತು ವರ್ಷಗಳಲ್ಲಿ ಸಂಖ್ಯೆ ಇಳಿಯುತ್ತಲೇ ಬಂತು. ಇಷ್ಟಾದರೆ ಜಗತ್ತಿನ ಯಾವುದೇ ಗುಡ್ಡಗಾಡು ಹಳ್ಳಿಯ ಕಥೆ. ಆದರೆ ಟ್ರೂಬಿಗೆ ಇನ್ನೊಂದು ಲೆಕ್ಕವೂ ಇದೆ. ತಮ್ಮ ಗುರುತಿನ ಚೀಟಿಯಲ್ಲಿ ‘ಟ್ರೂಬ್’ ಎಂಬ ಹೆಸರು ಹೊತ್ತ ಸ್ವಿಸ್ ಪ್ರಜೆಗಳು ಹತ್ತಾರು ಸಾವಿರ. ಅವರಲ್ಲಿ ಬಹುಪಾಲು ಜನ ಆ ಊರಲ್ಲಿ ಹುಟ್ಟಿದವರಲ್ಲ, ಒಂದು ರಾತ್ರಿ ಅಲ್ಲಿ ತಂಗಿದವರೂ ಅಲ್ಲ.

ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಇರುವುದಿಲ್ಲ. ಆ ಜಾಗದಲ್ಲಿ ಹೈಮಾಟೋರ್ಟ್ ಇರುತ್ತದೆ, ಅಂದರೆ ಮೂಲದ ಊರು. ಅದು ತಂದೆತಾಯಿಯಿಂದ ಮಕ್ಕಳಿಗೆ ಬರುವ ಹಕ್ಕು. ಆ ದೇಶದಲ್ಲಿ ಮೊದಲು ಒಂದು ಊರಿನ ಪ್ರಜೆಯಾಗಬೇಕು, ಅದರ ಮೂಲಕ ಕ್ಯಾಂಟನ್ನಿನ ಪ್ರಜೆ, ಅದರ ಮೂಲಕ ದೇಶದ ಪ್ರಜೆ. ಕನ್ನಡನಾಡಿನಲ್ಲಿ ಊರು ಹೆಸರಿನ ಮೊದಲಕ್ಷರದಲ್ಲಿ ಕೂತಿರುತ್ತದೆ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಕುಪ್ಪಳಿ ಇದ್ದ ಹಾಗೆ. ಆದರೆ ಅದರಿಂದ ಕುಪ್ಪಳಿಯ ಮೇಲೆ ಯಾವ ಹೊಣೆಯೂ ಬೀಳಲಿಲ್ಲ. ಟ್ರೂಬಿನ ಮೇಲೆ ಬಿತ್ತು. 16ನೇ ಶತಮಾನದಿಂದಲೇ ಸ್ವಿಸ್ ಒಕ್ಕೂಟದ ಸಭೆ ಆಯಾ ಊರಿನ ಬಡವರನ್ನು ಆಯಾ ಊರೇ ಸಾಕಬೇಕು ಎಂದು ಕಟ್ಟಳೆ ಮಾಡಿತು. ಯಾರು ಯಾವ ಊರಿನವರು ಎಂದು ಬರೆದಿಡುವ ಅಗತ್ಯ ಹುಟ್ಟಿದ್ದು ಹಾಗೆ. ಹೊಟ್ಟೆಗಿಲ್ಲದವನು ಯಾವ ಬಾಗಿಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರವಾಗಿ ಊರಿನವರ ಹೆಸರಿನ ಪುಸ್ತಕ ತೆರೆಯಿತು.

ಟ್ರೂಬಿನಿಂದ ಅಷ್ಟೊಂದು ಜನ ಹೊರಟದ್ದಕ್ಕೆ ಎಮೆಂಟಾಲಿನ ಮನೆ ನೋಡಿದರೆ ಸಾಕು, ಕಾರಣ ತಿಳಿಯುತ್ತದೆ. ದೊಡ್ಡ ಮರದ ಮನೆ. ಮಾಡು ಎಷ್ಟು ಕೆಳಗೆ ಬಾಗಿರುತ್ತದೆಂದರೆ ಜನ, ದನ, ಹುಲ್ಲು ಎಲ್ಲವೂ ಅದೊಂದರ ಅಡಿಗೇ. ಪಕ್ಕದಲ್ಲಿ ಒಂದು ಪುಟ್ಟ ಮನೆ, ಅದಕ್ಕೆ ಸ್ಟ್ಯೋಕ್ಲಿ ಎಂದು ಹೆಸರು. ಬೇಸಾಯ ಬಿಟ್ಟುಕೊಟ್ಟ ಮುದಿ ತಂದೆತಾಯಿ ಅಲ್ಲಿಗೆ ಹೋಗುತ್ತಾರೆ. ದೊಡ್ಡ ಮನೆ ಮತ್ತು ಜಮೀನು ಕಿರಿಯ ಮಗನಿಗೆ ಹೋಗುತ್ತಿದ್ದವು, ಇಡಿಯಾಗಿ. ಪಾಲು ಮಾಡುವ ಪದ್ಧತಿ ಅಲ್ಲಿರಲಿಲ್ಲ. ತುಂಡಾಗದ ಕಾರಣ ಜಮೀನು ಉಳಿಯಿತು, ನಾನೂರು ವರ್ಷ ಹಳೆಯ ಮನೆಗಳೂ ಉಳಿದವು. ಕಿರಿಯನಿಗಿಂತ ಮೊದಲು ಹುಟ್ಟಿದವರು ಮಾತ್ರ ಆಳಾಗಿ ದುಡಿಯಬೇಕು, ಕಸುಬು ಕಲಿಯಬೇಕು, ಇಲ್ಲವೇ ಗುಡ್ಡ ಇಳಿದು ಹೋಗಬೇಕಿತ್ತು. ಹೋದವರು ಊರಿನ ಹೆಸರನ್ನು ಜತೆಗೆ ಒಯ್ದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಜ್ಯೂರಿಕ್, ಬಾಸೆಲ್, ಜಿನೀವಾಗಳಲ್ಲಿದ್ದುಕೊಂಡು ಟ್ರೂಬಿನವರು.

ಹಾಗಿದ್ದರೆ ಟ್ರೂಬಿನವರು ಎಂದರೆ ಯಾರು? ಕಮರಿಯಲ್ಲಿ ಹುಲ್ಲು ಕೊಯ್ಯುತ್ತಿರುವ ಸಾವಿರದ ಮುನ್ನೂರು ಮಂದಿಯೋ, ಹೆಸರು ಹೊತ್ತ ಹತ್ತಾರು ಸಾವಿರವೋ? ಕಾನೂನಿನ ಉತ್ತರ ಸುಲಭ. ಈ ಪ್ರಶ್ನೆಗೆ ಆಳ ಬರುವುದು ಮೂರನೆಯ ಗುಂಪೊಂದು ಕಣ್ಣಿಗೆ ಬಿದ್ದಾಗ. ಅವರು ಇದೇ ಕಮರಿಗಳಲ್ಲಿ ಹುಟ್ಟಿದರು, ಇದೇ ಮಾತು ಆಡಿದರು, ಊರಿನ ಪುಸ್ತಕ, ಚರ್ಚಿನ ಪುಸ್ತಕ ಎರಡರಿಂದಲೂ ಹೆಸರು ಅಳಿಸಿಕೊಂಡರು.

1528ರಲ್ಲಿ ಬರ್ನ್ ನಗರ ಧರ್ಮಸುಧಾರಣೆಯನ್ನು ಒಪ್ಪಿ ಪೋಪರ ಕೈಬಿಟ್ಟಿತು. ಟ್ರೂಬಿನಲ್ಲಿ 12ನೇ ಶತಮಾನದಿಂದ ಬೆನೆಡಿಕ್ಟ್ ಪಂಥದ ಸನ್ಯಾಸಿಗಳ ಮಠವಿತ್ತು, ಅದೂ ಆ ವರ್ಷವೇ ಮುಚ್ಚಿತು. ಬೆಟ್ಟದ ಆಚೆ ಮಗ್ಗುಲಿನ ಲೂಸರ್ನ್ ಸೀಮೆ ಕ್ಯಾಥೊಲಿಕ್ ಆಗಿಯೇ ಉಳಿಯಿತು. ನಾಪ್ಫ್ ಹೀಗೆ ಎರಡು ಧರ್ಮಗಳ ಗಡಿಕಲ್ಲಾಯಿತು. (ಆದರೂ 1653ರಲ್ಲಿ ನಾಣ್ಯದ ಬೆಲೆ ಇಳಿಸಿದ ನಗರಗಳ ವಿರುದ್ಧ ರೈತರು ದಂಗೆಯೆದ್ದಾಗ, ಈಚೆಯ ಪ್ರಾಟೆಸ್ಟೆಂಟರೂ ಆಚೆಯ ಕ್ಯಾಥೊಲಿಕ್ಕರೂ ಒಟ್ಟಿಗೆ ನಿಂತು ಪ್ರಮಾಣ ಮಾಡಿದರು. ಹಸಿವು ಗಡಿಕಲ್ಲನ್ನು ದಾಟಿತ್ತು.)

ಪ್ರಾಟೆಸ್ಟೆಂಟ್, ಕ್ಯಾಥೊಲಿಕ್ ಇವೆರಡರ ನಡುವೆ ಇನ್ನೊಂದು ಪಂಥ ತಲೆಯೆತ್ತಿತು. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕೆಲವರು ಒಂದು ಮನೆಯಲ್ಲಿ ಸೇರಿದರು. ಅಲ್ಲಿ ಕಾನ್ರಾಡ್ ಗ್ರೇಬೆಲ್ ಎಂಬ ಯುವಕ ಗೇಯೋರ್ಗ್ ಬ್ಲೌರಾಕ್ ಎಂಬ ಪಾದ್ರಿಗೆ ದೀಕ್ಷಾಸ್ನಾನ ಮಾಡಿಸಿದ. ಬ್ಲೌರಾಕ್‌ಗೆ ಕೂಸಾಗಿದ್ದಾಗಲೇ ದೀಕ್ಷೆಯಾಗಿತ್ತು. ಅದು ಲೆಕ್ಕಕ್ಕಿಲ್ಲ ಎಂಬುದು ಅವರ ವಾದ. ಬುದ್ಧಿ ಬಂದು, ನಂಬಿ, ಬಾಯಿಬಿಟ್ಟು ಹೇಳಿದವನಿಗಷ್ಟೇ ದೀಕ್ಷೆ. ತೊಟ್ಟಿಲಿನ ಕೂಸು ಏನನ್ನು ನಂಬೀತು? ಎರಡು ವರ್ಷ ತುಂಬುವುದರೊಳಗೆ ಆ ಗುಂಪಿನ ಫೆಲಿಕ್ಸ್ ಮಾಂಟ್ಸ್‌ನನ್ನು ಜ್ಯೂರಿಕ್ ಸರ್ಕಾರ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದಿತು. ಈ ಪಂಥದವರಿಗೆ ಜರ್ಮನ್ನಿನಲ್ಲಿ ಟಾಯ್ಫರ್ ಎಂಬ ಹೆಸರು ಬಿತ್ತು. ಎಮೆಂಟಾಲಿನ ಒಂಟಿಮನೆಗಳಿಗೆ ಅವರ ಮಾತು ಬೇಗ ತಲುಪಿತು, ಅಲ್ಲೇ ಬೇರೂ ಬಿಟ್ಟಿತು.

ನೀರು ಯಾವ ವಯಸ್ಸಿನಲ್ಲಿ ಬಿದ್ದರೇನು, ಅದಕ್ಕೆ ಕೊಲ್ಲುವಷ್ಟು ಸಿಟ್ಟೇಕೆ ಎಂದು ಇಂದಿನ ಓದುಗರಿಗೆ ಅನ್ನಿಸಬಹುದು. ಉತ್ತರ ಚರ್ಚಿನ ಮೇಜಿನ ಮೇಲಿದ್ದ ದೀಕ್ಷಾ ದಾಖಲೆಯಲ್ಲಿದೆ. ಆಗ ಜನನ ದಾಖಲಾತಿ ಕಚೇರಿ ಎಂಬುದಿರಲಿಲ್ಲ. ಮಗುವಿಗೆ ದೀಕ್ಷೆ ಕೊಟ್ಟ ಪಾದ್ರಿ ಬರೆದುಕೊಂಡ ಹೆಸರೇ ಸರ್ಕಾರದ ಜನಗಣತಿ. ಆ ಪುಸ್ತಕದಲ್ಲಿ ಸೇರಿದವನು ಬರ್ನ್ ನಗರದ ಪ್ರಜೆ, ಮದುವೆಗೆ ಅರ್ಹ, ಆಸ್ತಿಗೆ ಹಕ್ಕುದಾರ, ಯುದ್ಧಕ್ಕೆ ಕರೆದರೆ ಸಿಪಾಯಿ. ಮಗುವನ್ನು ಚರ್ಚಿಗೆ ತಾರದ ತಾಯಿ ದೇವತಾಶಾಸ್ತ್ರದ ವಿಷಯವೊಂದಕ್ಕೆ ಅಡ್ಡಿ ಮಾಡಿದಳು ಎಂದಷ್ಟೇ ಆಗುತ್ತಿರಲಿಲ್ಲ, ಮಗುವನ್ನು ಸರ್ಕಾರದ ಲೆಕ್ಕದಿಂದಲೇ ತಪ್ಪಿಸಿದಂತಾಗುತ್ತಿತ್ತು. ಟಾಯ್ಫರರು ಪ್ರಭುವಿಗೆ ನಿಷ್ಠೆಯ ಪ್ರಮಾಣವನ್ನೂ ಮಾಡುತ್ತಿರಲಿಲ್ಲ, ಏಕೆಂದರೆ ಆಣೆ ಇಡಬೇಡಿ ಎಂದು ಯೇಸು ಹೇಳಿದ್ದಾನೆ. ಆಯುಧವನ್ನೂ ಹಿಡಿಯುತ್ತಿರಲಿಲ್ಲ. ಒಂದು ಊರಿಗೆ ಸೇರುವುದು ಹುಟ್ಟಿನಿಂದ ತಾನಾಗಿ ಒದಗುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ರಾಜ್ಯ ನಿಂತಿತ್ತು. ಸೇರುವುದು ಮನಸ್ಸು ಒಪ್ಪಿ ಆಗಬೇಕು ಎಂದವರು ಆ ಬುನಾದಿಯ ಕಲ್ಲನ್ನೇ ಅಲುಗಿಸಿದರು.

ಬರ್ನ್ ಆ ಅಲುಗಾಟವನ್ನು ಸಹಿಸಲಿಲ್ಲ. 1571ರಲ್ಲಿ ಸುಮಿಸ್ವಾಲ್ಡ್ ಊರಿನ ಹಾನ್ಸ್ ಹಾಸ್ಲಿಬಾಖರ್ ಎಂಬ ರೈತನ ತಲೆ ಕಡಿಯಿತು. ಅಲ್ಲಿಂದ ಮುಂದೆ ಮರಣದಂಡನೆ ನಿಂತರೂ ಸೆರೆ, ಗಡಿಪಾರು, ಆಸ್ತಿ ಜಪ್ತಿ ನಿಲ್ಲಲಿಲ್ಲ. 1659ರಲ್ಲಿ ಇದಕ್ಕೆಂದೇ ಒಂದು ಕಚೇರಿ ಹುಟ್ಟಿತು, ಅದರ ಹೆಸರೇ ಟಾಯ್ಫರ್‌ಕಾಮರ್. ಅದರ ಕೈಕೆಳಗೆ ಟಾಯ್ಫರರನ್ನು ಹಿಡಿದುಕೊಟ್ಟು ಹಣ ಪಡೆಯುವ ಬೇಟೆಗಾರರಿದ್ದರು. 1671ರಲ್ಲಿ ಏಳುನೂರರಷ್ಟು ಜನ ಮುದುಕರು ಮಕ್ಕಳೆನ್ನದೆ ಊರು ಬಿಟ್ಟು ಜರ್ಮನಿಯ ಪ್ಯಾಲಟಿನೇಟಿಗೆ ನಡೆದರು. 1710ರಲ್ಲಿ ಕೈದಿಗಳನ್ನು ದೋಣಿಗೆ ತುಂಬಿ ರೈನ್ ನದಿಯಲ್ಲಿ ಇಳಿಸಿ, ಅಮೆರಿಕಕ್ಕೆ ಸಾಗಹಾಕುವ ಯೋಜನೆಯಾಯಿತು. ದೋಣಿ ಹಾಲೆಂಡನ್ನು ಮುಟ್ಟಿದಾಗ ಅಲ್ಲಿನ ಸರ್ಕಾರ ಮನಸ್ಸಾಕ್ಷಿಗಾಗಿ ಸೆರೆಯಾದವರನ್ನು ತನ್ನ ನೆಲದ ಮೇಲೆ ಕೈದಿಗಳಾಗಿ ಸಾಗಿಸಗೊಡುವುದಿಲ್ಲ ಎಂದಿತು. ನೈಮೇಗನ್ ಪಟ್ಟಣದಲ್ಲಿ ಅವರು ಸ್ವತಂತ್ರರಾಗಿ ದಡಕ್ಕಿಳಿದರು.

ಊರಲ್ಲಿ ಉಳಿದವರು ಹೇಗೆ ಬದುಕಿದರು ಎಂಬುದನ್ನು ತೋರಿಸುವ ಮನೆಯೊಂದು ಟ್ರೂಬಿನ ಫಾಂಕ್‌ಹೌಸ್‌ಗ್ರಾಬನ್ನಿನಲ್ಲಿ ಈಗಲೂ ಇದೆ. ಹಿಂಟರ್‌ಹ್ಯೂಟನ್ ಎಂದು ಅದರ ಹೆಸರು. ಮರದ ಗೋಡೆ, ಮರದ ನೆಲ. ನೆಲಕ್ಕೆ ಹಾಸಿದ ಹಲಗೆಗಳಲ್ಲಿ ಒಂದು ಮಾತ್ರ ಬೇರೆ ಬಗೆಯದು. ಅದರ ಒಂದು ತುದಿ ಮೆಟ್ಟಿದರೆ ತಕ್ಕಡಿಯಂತೆ ಇನ್ನೊಂದು ತುದಿ ಏಳುತ್ತದೆ, ಮೆಟ್ಟಿದವನು ಕೆಳಗಿನ ಕತ್ತಲಿಗೆ ಜಾರುತ್ತಾನೆ, ಹಲಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಬೇಟೆಗಾರರು ಬಾಗಿಲು ಬಡಿದಾಗ ಒಳಗಿನ ಟಾಯ್ಫರ್ ಆ ಹಲಗೆ ಮೆಟ್ಟಿ ಮರೆಯಾಗುತ್ತಿದ್ದ. ಒಬ್ಬನೇ ಗಂಡಸು ಮಲಗಿ ಉಸಿರು ಬಿಗಿಹಿಡಿಯುವಷ್ಟು ಜಾಗ. ಮೇಲೆ ಬೂಟುಗಾಲುಗಳ ಸದ್ದು, ಕೆಳಗೆ ಮಣ್ಣಿನ ವಾಸನೆ.

ಇಂಥ ಅಡಗುತಾಣದ ಗುಟ್ಟು ಮನೆಯೊಳಗೇ ಉಳಿಯುವಂಥದ್ದಲ್ಲ. ಹಲಗೆ ಹೊಂದಿಸಿದ ಬಡಗಿಗೆ ಗೊತ್ತಿರಬೇಕು. ಮನೆಯ ಆಳುಗಳಿಗೆ ಗೊತ್ತಿರಬೇಕು. ಎದುರು ಏಣಿನಲ್ಲಿ ಹುಲ್ಲು ಕೊಯ್ಯುತ್ತಾ, ಕಮರಿ ಏರಿ ಬರುವ ಬೇಟೆಗಾರರನ್ನು ಮೊದಲು ಕಂಡು ಕೂಗು ಹಾಕಿದ ನೆರೆಯವನಿಗೂ ಗೊತ್ತಿರಬೇಕು. ಇವರಲ್ಲಿ ಹೆಚ್ಚಿನವರು ಟಾಯ್ಫರರಲ್ಲ. ಭಾನುವಾರ ಸರ್ಕಾರದ ಚರ್ಚಿಗೆ ಹೋಗುವವರು, ಮಕ್ಕಳಿಗೆ ತೊಟ್ಟಿಲಲ್ಲೇ ದೀಕ್ಷೆ ಕೊಡಿಸಿದವರು. ಹಿಡಿದುಕೊಟ್ಟರೆ ಹಣ ಸಿಗುತ್ತಿತ್ತು, ಬಚ್ಚಿಟ್ಟರೆ ದಂಡ ಬೀಳುತ್ತಿತ್ತು. ಆದರೂ ಬಚ್ಚಿಟ್ಟರು, ಅನ್ನ ಕೊಟ್ಟರು, ಸುಮ್ಮನಿದ್ದರು. 1714ರಲ್ಲಿ ಸುಮಿಸ್ವಾಲ್ಡ್‌ನಲ್ಲಂತೂ ಊರವರು ಬೇಟೆಗಾರರ ಮೇಲೆ ಬಿದ್ದು ಸೆರೆಯಾಗಿದ್ದವರನ್ನು ಬಿಡಿಸಿಕೊಂಡರು. ಟಾಯ್ಫರರು ಇಂಥವರಿಗೆ ಒಂದು ಹೆಸರಿಟ್ಟಿದ್ದರು: ಟ್ರಾಯ್‌ಹೆರ್ತ್ಸಿಗೆ, ಎಂದರೆ ನಿಜಮನಸ್ಸಿನವರು.

ಎಮೆಂಟಾಲಿನ ಧರ್ಮಚರಿತ್ರೆಯಲ್ಲೇ ಅತ್ಯಂತ ಕಷ್ಟದ ಪ್ರಶ್ನೆ ಹುಟ್ಟಿದ್ದು ಈ ನೆರೆಯವರ ಸುತ್ತ. ನಮ್ಮನ್ನು ಕಾಪಾಡಿದ ಇವರಿಗೆ ಮೋಕ್ಷವುಂಟೋ?

1693ರಲ್ಲಿ ಆಲ್ಸೇಸ್ ಸೀಮೆಯಿಂದ ಯಾಕೋಬ್ ಆಮನ್ ಎಂಬ ಟಾಯ್ಫರ್ ಹಿರಿಯ ಎಮೆಂಟಾಲಿಗೆ ಬಂದ. ಅವನೂ ಬರ್ನ್ ಸೀಮೆಯವನೇ, ಸಿಮೆಂಟಾಲ್ ಕಣಿವೆಯಲ್ಲಿ ಹುಟ್ಟಿದವನು. ಅವನದು ಕಟ್ಟುನಿಟ್ಟಿನ ನಿಲುವು. ಪಂಥದಿಂದ ಹೊರಹಾಕಿದವರ ಜತೆ ಊಟಕ್ಕೂ ಕೂರಬಾರದು. ನಿಜಮನಸ್ಸಿನವರು ಎಷ್ಟೇ ಒಳ್ಳೆಯವರಾಗಿದ್ದರೂ ದೀಕ್ಷೆ ಪಡೆದು ಶಿಲುಬೆ ಹೊರದ ಕಾರಣ ಅವರಿಗೆ ಮೋಕ್ಷವಿದೆ ಎನ್ನಲಾಗದು. ಎಮೆಂಟಾಲಿನ ಹಿರಿಯ ಹಾನ್ಸ್ ರೈಸ್ಟ್ ಇದನ್ನು ಒಪ್ಪಲಿಲ್ಲ. ಫ್ರೀಡರ್ಸ್‌ಮಾಟ್ ಎಂಬಲ್ಲಿ ಒಂದು ಕೊಟ್ಟಿಗೆಯಲ್ಲಿ ಸಭೆ ಸೇರಿತು. ಕರೆದರೂ ರೈಸ್ಟ್ ಬರಲಿಲ್ಲ. ಆಮನ್ ಅಲ್ಲೇ ನಿಂತು ರೈಸ್ಟನಿಗೂ ಅವನ ಜತೆಯವರಿಗೂ ಬಹಿಷ್ಕಾರ ಹಾಕಿದ. ಅಂದು ಒಡೆದ ಪಂಥ ಮತ್ತೆ ಕೂಡಲಿಲ್ಲ. ಆಮನ್‌ನ ಹೆಸರಿನಿಂದಲೇ ಅವನ ಹಿಂಬಾಲಕರು ಆಮಿಶ್ ಎನಿಸಿದರು.

ಆಮನ್‌ನ ಮಾತನ್ನು ಕ್ರೌರ್ಯವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ಅವನಿಗೆ ಅನ್ಯಾಯ. ಅವನ ತರ್ಕಕ್ಕೆ ಬಲವಿದೆ. ದೀಕ್ಷೆಯಿಲ್ಲದೆಯೂ ಉದ್ಧಾರವಾಗಬಹುದಾದರೆ ಹಾಸ್ಲಿಬಾಖರ್ ತಲೆ ಕೊಟ್ಟದ್ದೇಕೆ? ಮಾಂಟ್ಸ್ ಹೊಳೆಯ ತಣ್ಣೀರಿನಲ್ಲಿ ಮುಳುಗಿದ್ದೇಕೆ? ಸತ್ಯವೆಂದು ಗೊತ್ತಿದ್ದೂ ಆಸ್ತಿ ಹೋದೀತೆಂಬ ಭಯಕ್ಕೆ ಹೊರಗೇ ನಿಂತವನನ್ನೂ ಆಸ್ತಿ, ಊರು, ಮಕ್ಕಳನ್ನು ಬಿಟ್ಟು ಒಳಗೆ ಬಂದವನನ್ನೂ ದೇವರು ಒಂದೇ ತಕ್ಕಡಿಯಲ್ಲಿ ತೂಗಿದರೆ ತ್ಯಾಗಕ್ಕೆ ಅರ್ಥವೇನು? ಸೇರುವುದು ಆಯ್ಕೆಯಿಂದ ಎಂದು ಪ್ರಾಣ ಕೊಟ್ಟ ಪಂಥ, ಆಯ್ಕೆ ಮಾಡದವರನ್ನು ಸೇರಿದವರೆಂದು ಎಣಿಸುವುದು ಹೇಗೆ?

ಒಂದು ಸಂಗತಿಯನ್ನು ಮಾತ್ರ ಮರೆಯಬಾರದು. ಆಲ್ಸೇಸಿನಲ್ಲಿ ನೆಲೆಸಿದ ಟಾಯ್ಫರರಿಗೆ ಆಗ ಅಷ್ಟು ಕಿರುಕುಳವಿರಲಿಲ್ಲ. ಬಚ್ಚಿಟ್ಟುಕೊಳ್ಳಲು ನೆರೆಯವರ ಮನೆ ಬೇಕಿರಲಿಲ್ಲ. ಎಮೆಂಟಾಲಿನಲ್ಲಿ ಹಾಗಲ್ಲ. ಅಲ್ಲಿನ ಟಾಯ್ಫರನ ಒಂದೊಂದು ದಿನವೂ ನೆರೆಯವನ ಮೌನದ ಮೇಲೆ ನಿಂತಿತ್ತು. ಹಲಗೆಯ ಕೆಳಗೆ ಮಲಗಿ, ಮೇಲೆ ನಿಂತು ತನ್ನನ್ನು ಕಾಣಲಿಲ್ಲವೆಂದು ಹೇಳುತ್ತಿರುವವನ ದನಿ ಕೇಳಿಸಿಕೊಂಡವನು ‘ಇವನಿಗೆ ಮೋಕ್ಷವಿಲ್ಲ’ ಎನ್ನಲಾರ. ರೈಸ್ಟನ ನಿಲುವಿಗೆ ಆ ನೆಲದ ಅನುಭವ ಇತ್ತು. ಮತ್ತಾಯನ ಸುವಾರ್ತೆಯಲ್ಲಿ ಯೇಸು ಕೊನೆಯ ತೀರ್ಪಿನ ದಿನದ ಕುರಿತು ಹೇಳುವ ಮಾತು ಇಲ್ಲಿ ನೆನಪಾಗುತ್ತದೆ. ಹಸಿದವನಿಗೆ ಉಣ್ಣಿಸಿದವರು, ಪರದೇಶಿಗೆ ಆಸರೆ ಕೊಟ್ಟವರು, ಸೆರೆಯಲ್ಲಿದ್ದವನನ್ನು ನೋಡಹೋದವರು ತಮಗೇ ತಿಳಿಯದಂತೆ ತನ್ನವರಾಗಿರುತ್ತಾರೆ ಎಂಬುದು ಅದರ ಸಾರ. ಅಲ್ಲಿ ಯಾರನ್ನೂ ದೀಕ್ಷೆಯಾಯಿತೇ ಎಂದು ಕೇಳುವುದಿಲ್ಲ. ಆಮನ್ ಕೂಡ 1700ರಲ್ಲಿ ತಾನು ದುಡುಕಿದೆನೆಂದು ಒಪ್ಪಿ, ತನಗೆ ತಾನೇ ಬಹಿಷ್ಕಾರ ಹಾಕಿಕೊಂಡು ರಾಜಿಗೆ ಬಂದ. ರಾಜಿ ಆಗಲಿಲ್ಲ.

ದೀಕ್ಷೆಯೊಂದು ಒಬ್ಬ ಮನುಷ್ಯನನ್ನು ಮನೆಯ ಲೆಕ್ಕದಿಂದ ಕಳೆಯುವುದನ್ನು ಕನ್ನಡನಾಡೂ ನೋಡಿದೆ, ಅದೂ ಸ್ವಿಟ್ಜರ್ಲೆಂಡಿನಿಂದಲೇ ಬಂದ ಜನರ ಕೈಯಿಂದ. ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಇವರು ಟಾಯ್ಫರರಲ್ಲ, ಮಕ್ಕಳ ದೀಕ್ಷೆಯನ್ನು ಒಪ್ಪಿದವರೇ. ಆದರೆ ಮಂಗಳೂರಿನಲ್ಲಿ ವಯಸ್ಸಿಗೆ ಬಂದು ದೀಕ್ಷಾಸ್ನಾನ ಪಡೆದವರಿಗೆ ಜಾತಿ ಹೋಯಿತು, ಜಾತಿಯ ಜತೆಗೆ ಮನೆ, ಕಸುಬು, ಗೇಣಿಯ ಭೂಮಿ ಹೋದವು. ಅವರಿಗೆ ಅನ್ನದ ದಾರಿ ತೋರಿಸಲೆಂದು ಮಿಷನ್ ನೇಯ್ಗೆ ಮಗ್ಗ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕರಾವಳಿಯ ಮಾಡುಗಳ ಮೇಲಿನ ಕೆಂಪು ಮಂಗಳೂರು ಹೆಂಚಿನ ಹಿಂದೆ, ಒಂದು ಪುಸ್ತಕದಿಂದ ಹೆಸರು ಕಳೆದುಕೊಂಡವರ ಹೊಟ್ಟೆಪಾಡಿನ ಚರಿತ್ರೆಯಿದೆ.

ಎಮೆಂಟಾಲಿನಲ್ಲಿ ಊರಿನ ಪುಸ್ತಕವೂ ಯಾವಾಗಲೂ ತಾಯಿಯಂತೆ ವರ್ತಿಸಲಿಲ್ಲ. ಬಡವರನ್ನು ಸಾಕುವ ಹೊಣೆ ಮೂಲದ ಊರಿಗೆ ಬಿದ್ದಾಗ ಊರುಗಳು ಆ ಹೊಣೆಯನ್ನು ಅಗ್ಗದಲ್ಲಿ ಮುಗಿಸುವ ದಾರಿ ಹುಡುಕಿದವು. ಅನಾಥ ಮಕ್ಕಳನ್ನು, ಬಡವರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹರಾಜು ಹಾಕುತ್ತಿದ್ದರು. ಸಾಕುವುದಕ್ಕೆ ಊರಿನಿಂದ ಯಾರು ಕಡಿಮೆ ಹಣ ಕೇಳುತ್ತಾರೋ ಆ ರೈತನ ಪಾಲಿಗೆ ಮಗು. ಆ ಮಕ್ಕಳನ್ನು ಫೆರ್‌ಡಿಂಗ್‌ಕಿಂಡರ್ ಎಂದು ಕರೆಯುತ್ತಿದ್ದರು. ಎಮೆಂಟಾಲಿನ ಲ್ಯುಟ್ಸೆಲ್‌ಫ್ಲ್ಯೂ ಊರಿನ ಪಾದ್ರಿ ಆಲ್ಬರ್ಟ್ ಬಿಟ್ಸಿಯುಸ್ ಇದನ್ನು ಕಣ್ಣಾರೆ ಕಂಡು, ಯೆರೆಮಿಯಾಸ್ ಗಾಟ್‌ಹೆಲ್ಫ್ ಎಂಬ ಹೆಸರಿನಲ್ಲಿ 1837ರಲ್ಲಿ ಅಂಥ ಹುಡುಗನೊಬ್ಬನ ಬದುಕನ್ನೇ ಕಾದಂಬರಿಯಾಗಿ ಬರೆದ. ಕಾದಂಬರಿ ಬಂದು ನೂರು ವರ್ಷ ಕಳೆದರೂ ಪದ್ಧತಿ ಬೇರೆ ರೂಪದಲ್ಲಿ ಮುಂದುವರಿಯಿತು. ಹೀಗೆ ಬೆಳೆದು ಮುದುಕರಾದವರ ಮುಂದೆ ಸ್ವಿಸ್ ಸರ್ಕಾರ ಕ್ಷಮೆ ಕೇಳಿದ್ದು 2013ರಲ್ಲಿ. ಆಮೇಲೆ ಬಂದ ಕಾನೂನು ಬದುಕುಳಿದವರಿಗೆ ತಲಾ 25,000 ಫ್ರಾಂಕ್ ಪರಿಹಾರ ಗೊತ್ತುಮಾಡಿತು. ಇನ್ನು ಕೆಲವು ಊರುಗಳು ತಮ್ಮ ಬಡವರಿಗೆ ಹಡಗಿನ ಖರ್ಚು ಕೊಟ್ಟು ಅಮೆರಿಕಕ್ಕೆ ಕಳಿಸಿದವು. ಪುಸ್ತಕದಲ್ಲಿ ಹೆಸರಿರುವುದೂ ಮನುಷ್ಯರಾಗಿ ಬೇಕಾಗಿರುವುದೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಟಾಯ್ಫರರು ಕೇಳಿದ್ದು ನಿಧಾನವಾಗಿ ಸಿಕ್ಕಿತು. ಅದಕ್ಕೆ ಮುಂಚೆ ಒಂದು ಕೊನೆಯ ಬಲವಂತ ನಡೆಯಿತು. 1811ರಲ್ಲಿ, ಟ್ರೂಬಿಗೆ ಹತ್ತಿರದ ಲಾಂಗ್ನೌ ಪಟ್ಟಣದಲ್ಲಿ, ಟಾಯ್ಫರರ 27 ಮಕ್ಕಳನ್ನು ಪೊಲೀಸರು ಎಳೆದುತಂದು ಚರ್ಚಿನಲ್ಲಿ ದೀಕ್ಷೆ ಕೊಡಿಸಿದರು. ನೆಪೋಲಿಯನ್ನನ ಕಾಲ ಅದು, ಯೂರೋಪಿನ ರಾಜ್ಯಗಳೇ ಅಳಿದು ಮೂಡುತ್ತಿದ್ದವು. ಆ ಪಟ್ಟಣಕ್ಕೆ ಮಾತ್ರ 27 ಮಕ್ಕಳ ಹೆಸರು ಪುಸ್ತಕದಲ್ಲಿ ಸೇರಲಿಲ್ಲವೆಂಬುದೇ ದೊಡ್ಡ ಚಿಂತೆಯಾಗಿತ್ತು. 1874ರ ಸಂವಿಧಾನ ಎಲ್ಲರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿತು. 1876ರ ಜನವರಿ 1ರಿಂದ ದೇಶದಾದ್ಯಂತ ಹುಟ್ಟು, ಮದುವೆ, ಸಾವುಗಳನ್ನು ಬರೆದುಕೊಳ್ಳುವ ಕೆಲಸ ಪಾದ್ರಿಯ ಕೈಯಿಂದ ಸರ್ಕಾರಿ ಗುಮಾಸ್ತನ ಕೈಗೆ ಹೋಯಿತು. ಮೂರೂವರೆ ಶತಮಾನ ಜನ ಯಾವುದಕ್ಕೆ ಸೆರೆ ಹೋದರೋ ಅದು ಒಂದು ಬೆಳಗ್ಗೆ ಕಚೇರಿಯ ಮಾಮೂಲಿ ಕೆಲಸವಾಯಿತು. ಜ್ಯೂರಿಕ್‌ನ ಸುಧಾರಿತ ಚರ್ಚು 2004ರಲ್ಲಿ ಮಾಂಟ್ಸ್ ಮುಳುಗಿದ ಹೊಳೆಯ ದಡದಲ್ಲಿ ಕಲ್ಲು ನಿಲ್ಲಿಸಿ ತಪ್ಪೊಪ್ಪಿಕೊಂಡಿತು. 2007ನ್ನು ಎಮೆಂಟಾಲ್ ಟಾಯ್ಫರರ ವರ್ಷವೆಂದು ಆಚರಿಸಿತು. 2017ರಲ್ಲಿ ಬರ್ನ್ ಕ್ಯಾಂಟನ್ನಿನ ಪರವಾಗಿ ಸಚಿವರೊಬ್ಬರು ಕ್ಷಮೆ ಕೇಳಿದರು.

ಹೊರಟುಹೋದವರ ಮಕ್ಕಳು ಈಗ ಎಲ್ಲಿದ್ದಾರೆ? ಉತ್ತರ ಅಮೆರಿಕದಲ್ಲಿ ಆಮಿಶರ ಸಂಖ್ಯೆ ನಾಲ್ಕು ಲಕ್ಷ ಮೀರಿದೆ. ಇಂಡಿಯಾನಾ ರಾಜ್ಯದ ಆಡಮ್ಸ್ ಕೌಂಟಿಯಲ್ಲಿ, ಬರ್ನ್ ಎಂದೇ ಹೆಸರಿಟ್ಟ ಪಟ್ಟಣದ ಸುತ್ತಮುತ್ತ, ಕುದುರೆಗಾಡಿ ಓಡಿಸುವ ಆಮಿಶ್ ರೈತರು ಮನೆಯಲ್ಲಿ ಆಡುವ ಮಾತು ಎಮೆಂಟಾಲಿನ ಬರ್ನ್ ಜರ್ಮನ್ನಿಗೆ ಹತ್ತಿರದ್ದು. ಅವರ ಪೂರ್ವಿಕರು ಗಡಿಪಾರಾಗಿ ಹೋಗುವಾಗ ಊರಿನ ಹಕ್ಕು ಬಿಟ್ಟುಕೊಡಬೇಕಿತ್ತು. ಹಾಗಾಗಿ ಅವರಿಗೆ ಹೈಮಾಟೋರ್ಟ್ ಇಲ್ಲ. ಅತ್ತ ಜಿನೀವಾದಲ್ಲಿ ಫ್ರೆಂಚ್ ಮಾತ್ರ ಬಲ್ಲ, ಫಾಂಕ್‌ಹೌಸರ್ ಎಂಬ ಮನೆತನದ ಹೆಸರಿನ ಒಬ್ಬರ ಪಾಸ್‌ಪೋರ್ಟಿನಲ್ಲಿ ಟ್ರೂಬ್ ಇರಬಹುದು. ಹೆಸರು ಒಬ್ಬರಿಗೆ ಉಳಿಯಿತು, ಮಾತು ಇನ್ನೊಬ್ಬರಿಗೆ ಉಳಿಯಿತು, ಇಳಿಜಾರಿನ ಹುಲ್ಲು ಮೂರನೆಯವರಿಗೆ.

ಈ ಮೂವರಲ್ಲಿ ಯಾರು ನಿಜವಾದ ಟ್ರೂಬಿನವರು ಎಂದು ತೀರ್ಮಾನಿಸುವ ಹಂಬಲವೇ ತಪ್ಪು ದಾರಿಯದು. ಆ ಹಂಬಲದಿಂದಲೇ ಟಾಯ್ಫರ್‌ಕಾಮರ್ ಹುಟ್ಟಿತು, ಫ್ರೀಡರ್ಸ್‌ಮಾಟ್‌ನ ಬಹಿಷ್ಕಾರವೂ ಹುಟ್ಟಿತು. ಬೇಟೆಯಾಡಿದ ಸರ್ಕಾರವೂ ಬೇಟೆಗೆ ಸಿಕ್ಕವರೂ ಕೊನೆಗೆ ಒಂದೇ ಕೆಲಸ ಮಾಡಿದರು, ಒಳಗಿನವರ ಪಟ್ಟಿ ಬರೆದು ಹೊರಗಿನವರ ಮುಂದೆ ಬಾಗಿಲು ಹಾಕಿದರು. ಆಮನ್‌ಗೆ ತರ್ಕ ಸಿಕ್ಕಿತ್ತು. ಆದರೆ ಮನುಷ್ಯ ಯಾರಿಗೆ ಸೇರಿದವನು ಎಂಬ ಪ್ರಶ್ನೆಯಲ್ಲಿ ರೈಸ್ಟನ ಮಾತೇ ಸರಿ. ಯಾರು ಯಾರನ್ನು ಕಾಪಾಡಿದರು ಎಂಬುದನ್ನು ಬಿಟ್ಟು ಅದಕ್ಕೆ ಉತ್ತರ ಹೇಳಲಾಗದು. ಆ ಕಮರಿಗಳಲ್ಲಿ ಕೂಗು ಹಾಕಿ ಎಚ್ಚರಿಸಿದ ನೆರೆಯವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಬರೆದಿದ್ದರೆ ಅದೇ ಅವರಿಗೆ ದಂಡದ ಪಟ್ಟಿಯಾಗುತ್ತಿತ್ತು.

ಲಾಂಗ್ನೌ ಟಾಯ್ಫರರ ಸಭೆ ಇಂದಿಗೂ ನಡೆಯುತ್ತಿದೆ. ಆ ಪಂಥದ ಸಭೆಗಳಲ್ಲಿ ಅದು ಜಗತ್ತಿನಲ್ಲೇ ಅತ್ಯಂತ ಹಳೆಯದು ಎನ್ನುತ್ತಾರೆ. ಫಾಂಕ್‌ಹೌಸ್‌ಗ್ರಾಬನ್ನಿನ ಮನೆಯೂ ಇದೆ, ಅದರ ಆ ಹಲಗೆಯೂ ಇದೆ. ಮೊದಲೇ ಹೇಳಿ ಹೋದವರಿಗೆ ಮನೆಯವರು ತೋರಿಸುತ್ತಾರೆ.